ಸಣ್ಣ ಗಾಲಿ, ದೊಡ್ಡ ಬ್ರೇಕು

ನಮ್ಮ ಮನೆಯಲ್ಲಿ ಒಂದು ಹಳೆಯ ಮೋಟಾರುಗಾಡಿಯಿದೆ. ೧೯೬೬ನೆಯ ಇಸವಿಯ ಸ್ಟ್ಯಾಂಡರ್ಡ್ ಹೆರಾಲ್ಡ್. ನಮ್ಮ ತಂದೆಯವರು ಹುಣಸೂರಿನಲ್ಲಿ ವೈದ್ಯರಾಗಿದ್ದಾಗ ಕೊಂಡದ್ದು. ಬೆಳಿಗ್ಗೆ ಪಿರಿಯಾಪಟ್ಟಣದ ಕಡೆ ಒಂದು ಹೆರಿಗೆ, ಮಧ್ಯಾಹ್ನ ಹೆಗ್ಗಡದೇವನಕೋಟೆಯ ಕಾಡಂಚಿನ ಹಳ್ಳಿಯಲ್ಲಿ ಜ್ವರ, ಸಂಜೆ ಕೃಷ್ಣರಾಜನಗರದ ಬಯಲಿನಲ್ಲಿ ಯಾರಿಗೋ ಹಾವು ಕಡಿದಿದೆಯೆಂಬ ಸುದ್ದಿ: ನಾಲ್ಕು ತಾಲ್ಲೂಕುಗಳ ಧೂಳನ್ನೂ ಅದು ಕುಡಿದಿದೆ. ತಂದೆಯವರು ತೀರಿಕೊಂಡ ಮೇಲೆ ಅದನ್ನು ಮಾರುವ ಮನಸ್ಸು ಯಾರಿಗೂ ಬರಲಿಲ್ಲ. ಓಡಿಸುವ ಧೈರ್ಯವೂ ಯಾರಿಗೂ ಬರಲಿಲ್ಲ.

ಹೋದ ಮಳೆಗಾಲ ಮುಗಿದ ಮೇಲೆ ಅಣ್ಣನ ಮಗ ಅದನ್ನು ಷೆಡ್ಡಿನಿಂದ ಹೊರಕ್ಕೆ ತೆಗೆಸಿದ. ಎಂಜಿನ್ನು ವಾರದಲ್ಲಿ ಮಾತು ಕೇಳಿತು. ತೊಡಕು ಬಂದದ್ದು ಬ್ರೇಕಿನ ವಿಷಯದಲ್ಲಿ. "ಚಿಕ್ಕಪ್ಪ, ಈಗಿನ ರಸ್ತೇಲಿ ಈ ಹಳೇ ಡ್ರಮ್ಮು ನಂಬ್ಕೊಂಡು ಮಕ್ಕಳನ್ನ ಕೂರಿಸ್ಕೊಂಡು ಹೋಗೋಕಾಗಲ್ಲ. ದೊಡ್ಡ ಡಿಸ್ಕ್ ಬ್ರೇಕ್ ಹಾಕಿಸೋಣ" ಎಂದ. ಮೇಸ್ತ್ರಿಯವರು ಗಾಲಿ ಬಿಚ್ಚಿ, ಅದರ ಒಳಗೆ ಗೇಣು ಹಾಕಿ ಅಳೆದು, "ದೊಡ್ಡದು ಹಾಕಬೌದು ಸಾರ್. ಆದ್ರೆ ಜಾಗ ಎಲ್ಲಿದೆ?" ಎಂದರು.

ಜಾಗ ಎಲ್ಲಿದೆ? ಮೇಸ್ತ್ರಿಯವರು ಸಹಜವಾಗಿ ಕೇಳಿದ ಈ ಮಾತಿನ ಹಿಂದೆ ನೂರು ವರ್ಷಕ್ಕೂ ಹೆಚ್ಚಿನ ಚರಿತ್ರೆಯಿದೆ. ಗಾಲಿಗೂ ಬ್ರೇಕಿಗೂ ಜಾಗದ ವ್ಯಾಜ್ಯ ಹುಟ್ಟಿದ್ದು ಹೇಗೆ, ಅದನ್ನು ಯಾರು ಯಾರು ಹೇಗೆ ಹೇಗೆ ಬಗೆಹರಿಸಿದರು ಎಂದು ನೋಡಿದ ಮೇಲೆ ನಮ್ಮ ಷೆಡ್ಡಿನ ವ್ಯಾಜ್ಯವೂ ಒಂದು ದಾರಿಗೆ ಬಂತು. ಆ ಕಥೆಯನ್ನೇ ಇಲ್ಲಿ ಹೇಳಬೇಕೆಂದಿದ್ದೇನೆ.

ಕಥೆಯನ್ನು ಹುಣಸೂರಿನಿಂದಲೇ ಶುರುಮಾಡಬಹುದು. ಈ ಊರು ಗಾಡಿಗೂ ಎತ್ತಿಗೂ ಹೆಸರಾದದ್ದು. ಮೈಸೂರು ಅರಸರ ಕಾಲದ ಅಮೃತಮಹಲ್ ದನಗಳ ಪಾಲನೆಗೆ ಕುಂಪಣಿಯ ಆಳ್ವಿಕೆಯಲ್ಲಿ ಇದು ಮುಖ್ಯ ಠಾಣ್ಯವಾಗಿತ್ತು. ಫಿರಂಗಿಯನ್ನೂ ಸೈನ್ಯದ ಸಾಮಾನನ್ನೂ ಎಳೆಯುತ್ತಿದ್ದ ಎತ್ತುಗಳು ಅವು. ಅದಕ್ಕೆ ಸೇರಿದಂತೆ ಇಲ್ಲಿ ಒಂದು ಚರ್ಮ ಹದಮಾಡುವ ಕಾರ್ಖಾನೆ, ಒಂದು ಕಂಬಳಿಯ ಕಾರ್ಖಾನೆ, ಒಂದು ಮರದ ಅಂಗಳ ಇದ್ದುವು. ಸೈನ್ಯಕ್ಕೆ ಬೂಟು, ಚೀಲಗಳು ಇಲ್ಲಿಂದ ಹೋಗುತ್ತಿದ್ದುವು. ೧೮೬೪ರಲ್ಲಿ ಸರ್ಕಾರ ಅವನ್ನೆಲ್ಲ ಮುಚ್ಚಿತು. ಆದರೆ ಕಲಿತ ಕೈಗಳು ಸುಮ್ಮನಿರಲಿಲ್ಲ. ಬೂಟು, ಕಂಬಳಿ, ಗಾಡಿಗಳ ಕೆಲಸ ಊರಿನಲ್ಲಿ ಉಳಿಯಿತು. ಕೊಡಗಿನ ತೋಟಗಳ ಕಾಫಿ ಇಲ್ಲಿಗೆ ಬಂದು ಹಸನಾಗಿ ಸೀಮೆಗೆ ಹೋಗುತ್ತಿತ್ತು. ಹಳೆಯ ಗೆಜೆಟಿಯರು ಹುಣಸೂರಿನಲ್ಲಿ ಉತ್ತಮವಾದ ಗಾಡಿಗಳು ತಯಾರಾಗುತ್ತವೆಂದು ಮೆಚ್ಚಿ ಬರೆದಿದೆ.

ಅಂಥ ಗಾಡಿಯ ಗಾಲಿ ಎದೆಮಟ್ಟ. ಸುತ್ತ ಕಬ್ಬಿಣದ ಪಟ್ಟೆ. ಇಳಿಜಾರಿನಲ್ಲಿ ಭಾರದ ಗಾಡಿ ಎತ್ತುಗಳ ಮೇಲೆ ನುಗ್ಗದಂತೆ ತಡೆಯಲು ಗಾಲಿಯ ಹಿಂದೆ ಒಂದು ಮರದ ದಿಮ್ಮಿ. ಗಾಡಿ ಹೊಡೆಯುವವನು ಹಗ್ಗ ಜಗ್ಗಿದರೆ ಅದು ಪಟ್ಟೆಗೆ ಒತ್ತಿಕೊಳ್ಳುತ್ತದೆ. ನಮ್ಮ ಬಾಲ್ಯದಲ್ಲಿ ಇಂಥ ಗಾಡಿಗಳು ಕಿರುಗುಟ್ಟುತ್ತ ಇಳಿಯುವುದನ್ನು ಕೇಳಿದ್ದೇವೆ. ಈ ಬ್ರೇಕಿನ ಬುದ್ಧಿವಂತಿಕೆಯನ್ನು ನಾನು ಬಹಳ ಕಾಲ ಗಮನಿಸಿರಲಿಲ್ಲ. ಬಾಗಿಲನ್ನು ತಿರುಗಣೆಯ ಹತ್ತಿರ ತಳ್ಳುವುದು ಕಷ್ಟ, ಅಂಚಿನಲ್ಲಿ ತಳ್ಳುವುದು ಸುಲಭ. ಹಾಗೆಯೇ ಗಾಲಿಯನ್ನು ಅದರ ಅಂಚಿನಲ್ಲಿ ಹಿಡಿದರೆ ಸ್ವಲ್ಪ ಬಲ ಸಾಕು. ಜೊತೆಗೆ ಬಿಸಿಯೇರಿದ ಪಟ್ಟೆ ಬಯಲಿನ ಗಾಳಿಗೆ ತಾನೇ ಆರುತ್ತದೆ. ಹಳ್ಳಿಯ ಬಡಗಿಯ ಬ್ರೇಕಿಗೆ ಜಾಗದ ಚಿಂತೆಯೇ ಇರಲಿಲ್ಲ. ಅದು ಗಾಲಿಯ ಹೊರಗಿತ್ತು.

ಮರ ಬೇಗ ಸವೆಯುತ್ತದೆ, ಬೇಗ ಸುಡುತ್ತದೆ. ಇಂಗ್ಲೆಂಡಿನ ಡರ್ಬಿಷೈರಿನ ಗುಡ್ಡಗಾಡಿನಲ್ಲಿ ಗಾಡಿಯವರು ಅದಕ್ಕೆ ಒಂದು ಉಪಾಯ ಮಾಡಿಕೊಂಡಿದ್ದರಂತೆ: ಮರದ ದಿಮ್ಮಿಗೆ ಹಳೆಯ ಬೂಟಿನ ಚರ್ಮ ಹೊಡೆಯುವುದು. ಹರ್ಬರ್ಟ್ ಫ್ರೂಡ್ ಎಂಬಾತ ಇದನ್ನು ಕಂಡು, ಬೂಟಿಗಿಂತ ಒಳ್ಳೆಯ ಹೊದಿಕೆ ಮಾಡಬಹುದಲ್ಲ ಎಂದು ಯೋಚಿಸಿ ೧೮೯೭ರಲ್ಲಿ ಕೆಲಸ ಆರಂಭಿಸಿದ ಎಂದು ಹೇಳುತ್ತಾರೆ. ಫೆರೋಡೊ ಎಂಬ ಹೆಸರಿನ ಬ್ರೇಕ್ ಲೈನಿಂಗು ಹುಟ್ಟಿದ್ದು ಆತನಿಂದಲೇ. ಬೂಟೂ ಗಾಡಿಯೂ ಎರಡನ್ನೂ ಮಾಡುತ್ತಿದ್ದ ಹುಣಸೂರಿನಲ್ಲಿ ಈ ಯೋಚನೆ ಯಾರಿಗಾದರೂ ಹೊಳೆದಿದ್ದರೆ ಎಂದು ನನಗೆ ಒಮ್ಮೊಮ್ಮೆ ಅನ್ನಿಸುವುದುಂಟು. ಊರಿನ ಅಭಿಮಾನ, ಓದುಗರು ಕ್ಷಮಿಸಬೇಕು.

ಆಮೇಲೆ ಬಂದದ್ದು ಗಾಳಿ ತುಂಬಿದ ರಬ್ಬರಿನ ಟೈರು. ಕಬ್ಬಿಣದ ಪಟ್ಟೆಗೆ ಒತ್ತುತ್ತಿದ್ದ ದಿಮ್ಮಿಯನ್ನು ರಬ್ಬರಿಗೆ ಒತ್ತಿದರೆ ರಬ್ಬರೇ ಹರಿದುಹೋಗುತ್ತದೆ. ಬ್ರೇಕಿಗೆ ಅಂಚಿನ ಮನೆ ತಪ್ಪಿತು. ಅದು ಗಾಲಿಯ ಒಳಕ್ಕೆ, ಅಚ್ಚಿನ ಹತ್ತಿರಕ್ಕೆ ಸರಿಯಬೇಕಾಯಿತು. ೧೯೦೨ರಲ್ಲಿ ಫ್ರಾನ್ಸಿನ ಲೂಯಿ ರೆನೊ ಡ್ರಮ್ ಬ್ರೇಕಿಗೆ ರೂಪ ಕೊಟ್ಟ. ಗಾಲಿಯೊಡನೆ ಸುತ್ತುವ ಒಂದು ಡಬ್ಬಿ, ಅದರೊಳಗೆ ಅಗಲಿಸಿ ಒತ್ತುವ ಎರಡು ಬಾಗಿದ ತುಂಡುಗಳು. ಅದೇ ವರ್ಷ ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಎಂಬ ಎಂಜಿನಿಯರು ಡಿಸ್ಕ್ ಬ್ರೇಕಿಗೆ ಪೇಟೆಂಟು ಪಡೆದ. ಸುತ್ತುವ ತಟ್ಟೆಯನ್ನು ಎರಡು ಕಡೆಯಿಂದ ಚಿವುಟಿ ಹಿಡಿಯುವ ಏರ್ಪಾಡು. ಲ್ಯಾಂಚೆಸ್ಟರನ ಬ್ರೇಕು ಲೋಹಕ್ಕೆ ಲೋಹ ತಾಗಿ ಕಿವಿ ಕಿತ್ತುಹೋಗುವಂತೆ ಕಿರುಚುತ್ತಿತ್ತು. ಹಾಗಾಗಿ ಡ್ರಮ್ಮು ಗೆದ್ದಿತು, ಡಿಸ್ಕು ಅರ್ಧ ಶತಮಾನ ಮೂಲೆ ಸೇರಿತು.

ಆ ಕಾಲದ ಮೋಟಾರುಗಳ ಗಾಲಿಗಳು ದೊಡ್ಡವು. ಫೋರ್ಡಿನ ಟಿ ಮಾದರಿಯ ಗಾಲಿ ಟೈರೂ ಸೇರಿ ೩೦ ಅಂಗುಲ. ಒಳಗೆ ಜಾಗ ಧಾರಾಳವಾಗಿತ್ತು. ಬ್ರೇಕು ಮಾತ್ರ ಅಷ್ಟಕ್ಕಷ್ಟೆ. ಬಹಳ ಕಾಲ ಹಿಂದಿನ ಎರಡು ಗಾಲಿಗಳಿಗೇ ಬ್ರೇಕು. ಮುಂದಿನ ಗಾಲಿಗೆ ಬ್ರೇಕು ಹಾಕಿದರೆ ಗಾಡಿ ಮುಗ್ಗರಿಸುತ್ತದೆಂದು ಜನ ಹೆದರುತ್ತಿದ್ದರು. ೧೯೨೧ರಲ್ಲಿ ಅಮೆರಿಕದ ಡ್ಯೂಸನ್‌ಬರ್ಗ್ ಗಾಡಿ ನಾಲ್ಕು ಗಾಲಿಗೂ ಎಣ್ಣೆಯ ಒತ್ತಡದ ಬ್ರೇಕು ತಂದಿತು. ಒಂದು ಕಾಲೊತ್ತು, ನಾಲ್ಕು ಕಡೆ ಸಮನಾದ ಬಲ. ಮುಂದಿನ ಮೂವತ್ತು ವರ್ಷಗಳಲ್ಲಿ ಬ್ರೇಕು ಬಲಿಯುತ್ತ ಹೋಯಿತು. ಆದರೆ ಗಾಲಿ ಕುಗ್ಗುತ್ತ ಬಂತು. ಗಾಡಿ ತಗ್ಗಾಗಬೇಕು, ಹಗುರಾಗಬೇಕು, ಅಗ್ಗವಾಗಬೇಕು, ಒಳಗೆ ಕೂರುವವರಿಗೆ ಜಾಗ ಹೆಚ್ಚಬೇಕು. ಇವೆಲ್ಲಕ್ಕೂ ಸಣ್ಣ ಗಾಲಿ ಅನುಕೂಲ. ೧೯೪೮ರ ಮಾರಿಸ್ ಮೈನರಿಗೆ ೧೪ ಅಂಗುಲದ ಗಾಲಿ. ೧೯೫೯ರ ಇಂಗ್ಲಿಷ್ ಹೆರಾಲ್ಡಿಗೆ ೧೩. ಅದೇ ೧೯೫೯ರ ಆಗಸ್ಟಿನಲ್ಲಿ ಬಂದ ಮಿನಿಗೆ ಹತ್ತೇ ಅಂಗುಲ!

ಈ ಮಿನಿಯ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ೧೯೫೬ರ ಸೂಯೆಜ್ ಗಲಾಟೆಯಿಂದ ಇಂಗ್ಲೆಂಡಿನಲ್ಲಿ ಪೆಟ್ರೋಲಿಗೆ ಪಡಿತರ ಬಂತು. ಸಣ್ಣ ಗಾಡಿ ಬೇಕೆಂಬ ಕೂಗೆದ್ದಿತು. ಅಲೆಕ್ ಇಸಿಗೋನಿಸ್ ಎಂಬ ವಿನ್ಯಾಸಗಾರ ಹತ್ತು ಅಡಿ ಉದ್ದದ ಗಾಡಿಯಲ್ಲಿ ನಾಲ್ಕು ಜನರನ್ನು ಕೂರಿಸಲು ಹೊರಟ. ಮಾರಿಸ್ ಮೈನರನ್ನು ರೂಪಿಸಿದವನೂ ಆತನೇ. ಎಂಜಿನ್ನನ್ನು ಅಡ್ಡ ತಿರುಗಿಸಿದ. ಗಾಲಿಯನ್ನು ಹತ್ತು ಅಂಗುಲಕ್ಕೆ ಇಳಿಸಿದ. ಅಷ್ಟು ಸಣ್ಣ ಟೈರನ್ನು ಡನ್ಲಪ್ ಕಂಪೆನಿ ಅದಕ್ಕಾಗಿ ಮಾಡಿಕೊಟ್ಟಿತು. ಗಾಲಿ ಹತ್ತು ಅಂಗುಲವಾದರೆ ಅದರೊಳಗಿನ ಡ್ರಮ್ಮು ಏಳು ಅಂಗುಲಕ್ಕಿಂತ ಹೆಚ್ಚಾಗಲು ಸಾಧ್ಯವಿರಲಿಲ್ಲ. ಪೇಟೆಯಲ್ಲಿ ತರಕಾರಿ ತರಲು ಹೋಗುವ ಗಾಡಿಗೆ ಅದು ಸಾಕಾಗಿತ್ತು.

ಆದರೆ ಗಾಡಿ ಹುಟ್ಟಿದ ಮೇಲೆ ಅದು ತರಕಾರಿಗೆ ಮಾತ್ರ ಹೋಗುತ್ತದೆಂದು ಹೇಳುವವರು ಯಾರು? ಪಂದ್ಯದ ಗಾಡಿಗಳನ್ನು ಕಟ್ಟುತ್ತಿದ್ದ ಜಾನ್ ಕೂಪರ್ ಮಿನಿಯನ್ನು ಓಡಿಸಿ ಮರುಳಾದ. ದೊಡ್ಡ ಎಂಜಿನ್ನು ಹಾಕಿದರೆ ಇದು ಗಾಳಿಯಂತೆ ಓಡುತ್ತದೆ ಎಂದ. ಓಡಿದ್ದನ್ನು ನಿಲ್ಲಿಸುವುದು ಹೇಗೆ? ಹೊತ್ತಿಗೆ ಸರಿಯಾಗಿ ಡಿಸ್ಕ್ ಬ್ರೇಕು ಮೂಲೆಯಿಂದ ಎದ್ದು ಬಂದಿತ್ತು. ೧೯೫೩ರಲ್ಲಿ ಫ್ರಾನ್ಸಿನ ಲ ಮಾನ್ ಊರಿನ ೨೪ ಗಂಟೆಗಳ ಪಂದ್ಯವನ್ನು ಡಿಸ್ಕ್ ಬ್ರೇಕಿನ ಜಾಗ್ವಾರ್ ಗೆದ್ದು ಲೋಕದ ಕಣ್ಣು ತೆರೆಸಿತ್ತು. ಆದರೆ ಜಾಗ್ವಾರಿನ ಗಾಲಿ ದೊಡ್ಡದು. ಹತ್ತು ಅಂಗುಲದ ಗಾಲಿಯೊಳಗೆ ತಟ್ಟೆಯೂ ಇರಬೇಕು, ತಟ್ಟೆಯ ಅಂಚನ್ನು ಕವಿದು ಹಿಡಿಯುವ ಕ್ಯಾಲಿಪರೂ ಇರಬೇಕು. ಲಾಕ್‌ಹೀಡ್ ಕಂಪೆನಿ ಏಳು ಅಂಗುಲದ ಪುಟ್ಟ ಡಿಸ್ಕು ಮಾಡಿಕೊಟ್ಟಿತು. ೧೯೬೧ರಲ್ಲಿ ಮಿನಿ ಕೂಪರ್ ಬಂತು.

ಅದೂ ಸಾಲಲಿಲ್ಲ. ೧೯೬೩ರ ಕೂಪರ್ ಎಸ್ ಮಾದರಿಗೆ ಡಿಸ್ಕನ್ನು ಏಳೂವರೆ ಅಂಗುಲಕ್ಕೆ ಹಿಗ್ಗಿಸಿದರು, ದಪ್ಪವನ್ನೂ ಹೆಚ್ಚಿಸಿದರು. ಅರ್ಧ ಅಂಗುಲವೆಂದರೆ ನಗು ಬರಬಹುದು. ಲೆಕ್ಕ ಹಾಕಿ ನೋಡಿ. ಗಾಲಿಯ ಅಳತೆ ೨೫೪ ಮಿಲಿಮೀಟರ್, ಡಿಸ್ಕಿನದು ೧೯೦. ಎರಡು ಪಕ್ಕಕ್ಕೆ ಹಂಚಿದರೆ ಒಂದೊಂದು ಕಡೆ ಉಳಿಯುವುದು ೩೨ ಮಿಲಿಮೀಟರ್. ಅದರಲ್ಲಿ ಟೈರು ಕೂರುವ ತಗ್ಗಿನ ಪಾಲು ಕಳೆಯಬೇಕು. ಮಿಕ್ಕ ಸಂದಿನಲ್ಲಿ ಕ್ಯಾಲಿಪರು ತೂರಬೇಕು, ತೂರಿ ಗಾಲಿಗೆ ಉಜ್ಜದೆ ಇರಬೇಕು. ಆ ಅರ್ಧ ಅಂಗುಲದ ಫಲ ೧೯೬೪ರ ಜನವರಿಯಲ್ಲಿ ಕಂಡಿತು. ಮಾಂಟೆ ಕಾರ್ಲೊ ರ‍್ಯಾಲಿಯ ಹಿಮದ ಕಣಿವೆಗಳನ್ನು ಹತ್ತಿಳಿದು, ತನಗಿಂತ ಎಷ್ಟೋ ದೊಡ್ಡ ಗಾಡಿಗಳನ್ನು ಹಿಂದಿಕ್ಕಿ ಪ್ಯಾಡಿ ಹಾಪ್‌ಕರ್ಕನ ಮಿನಿ ಗೆದ್ದಿತು. ಕೊನೆಗೂ ಸೋತದ್ದು ಗಾಲಿಯೇ. ೧೯೮೪ರಲ್ಲಿ ಎಲ್ಲ ಮಿನಿಗಳಿಗೂ ೧೨ ಅಂಗುಲದ ಗಾಲಿ ಬಂತು, ಒಳಗೆ ೮.೪ ಅಂಗುಲದ ಡಿಸ್ಕು ನೆಮ್ಮದಿಯಾಗಿ ಕೂತಿತು. ದೊಡ್ಡ ಬ್ರೇಕು ಬೇಕಾದರೆ ಗಾಲಿಗೂ ಸ್ವಲ್ಪ ಬೆಳೆಯಲು ಬಿಡಬೇಕು ಎಂದು ಒಪ್ಪಿಕೊಳ್ಳಲು ಕಾಲು ಶತಮಾನ ಹಿಡಿಯಿತು.

ಇತ್ತ ನಮ್ಮ ದೇಶದಲ್ಲೇನಾಗುತ್ತಿತ್ತು? ಆ ಕಾಲದಲ್ಲಿ ಮಧ್ಯಮ ವರ್ಗದವರ ಬಾಯಲ್ಲಿದ್ದುದು ಮೂರೇ ಹೆಸರು: ಉತ್ತರಪಾಡಾದ ಅಂಬಾಸಿಡರ್, ಮುಂಬಯಿಯ ಫಿಯಟ್, ಮದರಾಸಿನ ಹೆರಾಲ್ಡ್. ಮೂರೂ ಪರದೇಶದ ಮಾದರಿಗಳು. ಲೈಸೆನ್ಸು, ವಿದೇಶಿ ವಿನಿಮಯದ ಬಿಗಿಯಲ್ಲಿ ಬಂದ ಮಾದರಿ ಬಂದಂತೆಯೇ ನಿಲ್ಲುತ್ತಿತ್ತು. ತವರಿನಲ್ಲಿ ಮಾತ್ರ ಅದು ಮುಂದೆ ಹೋಗುತ್ತಿತ್ತು. ಇಟಲಿಯಲ್ಲಿ ೧೯೬೬ರ ಫಿಯಟ್ ೧೧೦೦ ಆರ್ ಮಾದರಿಗೆ ಮುಂದೆ ಡಿಸ್ಕ್ ಬ್ರೇಕು ಬಂತು. ಇಲ್ಲಿ ಅದರ ಹಿಂದಿನ ಮಾದರಿಯೇ ಡ್ರಮ್ ಬ್ರೇಕಿನೊಡನೆ ಮುಂದುವರಿದು, ೧೯೭೦ರ ದಶಕದಲ್ಲಿ ಪದ್ಮಿನಿಯೆಂಬ ಚಂದದ ಹೆಸರು ಪಡೆಯಿತು. ಇಂಗ್ಲೆಂಡಿನಲ್ಲಿ ೧೯೬೧ರ ಹೆರಾಲ್ಡ್ ೧೨೦೦ ಕೊಳ್ಳುವವನು ಹೆಚ್ಚು ಹಣ ಕೊಟ್ಟರೆ ಮುಂದಿನ ಗಾಲಿಗೆ ಒಂಬತ್ತು ಅಂಗುಲದ ಡಿಸ್ಕು ಹಾಕಿಸಿಕೊಳ್ಳಬಹುದಿತ್ತು. ಅದರ ಒಡಹುಟ್ಟಿದ ವಿಟೆಸ್, ಸ್ಪಿಟ್‌ಫೈರ್‌ಗಳಿಗೆ ೧೯೬೨ರಿಂದ ಅದು ಸಹಜವಾಗಿಯೇ ಬಂತು. ನಮ್ಮ ತಂದೆಯವರ ಹೆರಾಲ್ಡಿಗೆ ನಾಲ್ಕೂ ಕಡೆ ಡ್ರಮ್ಮು. ಮುಂದೆ ಎಂಟು ಅಂಗುಲ, ಹಿಂದೆ ಏಳು.

ಸಮತಟ್ಟಾದ ಹುಣಸೂರು ಸೀಮೆಯಲ್ಲಿ ಗಂಟೆಗೆ ೫೦ ಕಿಲೋಮೀಟರಿನಲ್ಲಿ ಹೋಗುವವರಿಗೆ ಅದು ಸಾಕಾಗಿತ್ತು. ಸಾಲದೆ ಬಂದದ್ದು ಒಂದೇ ಸಲ. ೧೯೭೨ರ ಬೇಸಿಗೆಯಲ್ಲಿ ತಂದೆ, ತಾಯಿ, ಅಣ್ಣ, ನಾನು ಧರ್ಮಸ್ಥಳಕ್ಕೆ ಹೊರಟೆವು. ಪಿರಿಯಾಪಟ್ಟಣ, ಕುಶಾಲನಗರ ದಾಟಿ ಮಡಿಕೇರಿಯಲ್ಲಿ ಊಟಮಾಡಿ ಸಂಪಾಜೆಯ ಘಟ್ಟ ಇಳಿಯತೊಡಗಿದೆವು. ಸಣ್ಣ ಗೇರಿನಲ್ಲಿ ಎಂಜಿನ್ನು ಬಹಳ ಅರಚುತ್ತದೆಂದು ತಾಯಿ ಹೇಳಿದರು. ತಂದೆಯವರು ಟಾಪ್ ಗೇರಿಗೆ ಹಾಕಿ, ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿದರು. ಸ್ವಲ್ಪ ಹೊತ್ತಿಗೆ ಬಟ್ಟೆ ಸುಟ್ಟಂಥ ವಾಸನೆ. ಒಂದು ತಿರುವಿನಲ್ಲಿ ತಂದೆಯವರ ಕಾಲು ಪೂರ್ತಿ ಕೆಳಗೆ ಹೋದದ್ದನ್ನು ನಾನು ಹಿಂದಿನ ಸೀಟಿನಿಂದ ನೋಡಿದೆ. ಗಾಡಿ ನಿಲ್ಲಲಿಲ್ಲ. ಅವರು ಮಾತಾಡಲಿಲ್ಲ. ಕೈ ಬ್ರೇಕು ಎಳೆದು, ಹಲ್ಲು ಕಡಿದಂತೆ ಸದ್ದು ಮಾಡಿದ ಗೇರನ್ನು ಎರಡಕ್ಕೆ ತುರುಕಿ, ಗಾಡಿಯ ಎಡ ಮಗ್ಗುಲನ್ನು ಗುಡ್ಡದ ಮಣ್ಣಿಗೆ ಉಜ್ಜಿ ನಿಲ್ಲಿಸಿದರು. ಬಲಗಡೆ ಕಣಿವೆ. ತಾಯಿ ನಮ್ಮಿಬ್ಬರ ಕೈ ಹಿಡಿದುಕೊಂಡು ರಸ್ತೆಯಂಚಿನ ಕಲ್ಲಿನ ಮೇಲೆ ಕೂತವರು ಒಂದು ಗಂಟೆ ಬಿಡಲಿಲ್ಲ. ಹಿಂದಿನಿಂದ ಬಂದ ಒಬ್ಬ ಲಾರಿ ಡ್ರೈವರು ನೋಡಿ, "ಹತ್ತೋ ಗೇರಲ್ಲೇ ಇಳೀಬೇಕು ಸ್ವಾಮಿ" ಎಂದಷ್ಟೆ ಹೇಳಿ ಹೋದ.

ತಪ್ಪು ಗಾಡಿಯದಲ್ಲ, ಓಡಿಸಿದ ರೀತಿಯದು ಎಂದು ತಂದೆಯವರೇ ಆಮೇಲೆ ಹೇಳುತ್ತಿದ್ದರು. ಲೆಕ್ಕ ಹಾಕಿದರೆ ಅದು ನಿಜವೆನ್ನಿಸುತ್ತದೆ. ಜನರೂ ಸಾಮಾನೂ ಸೇರಿ ಹೆರಾಲ್ಡ್ ಸುಮಾರು ೧,೧೦೦ ಕಿಲೋ ತೂಗುತ್ತದೆಂದಿಟ್ಟುಕೊಳ್ಳೋಣ. ಮಡಿಕೇರಿಯಿಂದ ಸಂಪಾಜೆಗೆ ೮೦೦ ಮೀಟರಿಗೂ ಹೆಚ್ಚಿನ ಇಳಿತ. ಗಂಟೆಗೆ ೬೦ ಕಿಲೋಮೀಟರ್ ವೇಗದಲ್ಲಿರುವ ಗಾಡಿಯನ್ನು ಐವತ್ತಕ್ಕೂ ಹೆಚ್ಚು ಸಲ ಪೂರ್ತಿ ನಿಲ್ಲಿಸಿದಾಗ ಎಷ್ಟು ಶಾಖ ಹುಟ್ಟುತ್ತದೋ ಅಷ್ಟು ಶಕ್ತಿ ಆ ಇಳಿಜಾರಿನಲ್ಲಿದೆ. ೨೭ ಲೀಟರ್ ತಣ್ಣೀರನ್ನು ಕುದಿಗೆ ತರಬಲ್ಲ ಶಾಖ ಅದು. ಗಾಳಿಯೂ ಟೈರೂ ಒಂದು ಪಾಲು ಹೊರುತ್ತವೆ. ಸಣ್ಣ ಗೇರಿನಲ್ಲಿದ್ದರೆ ಎಂಜಿನ್ನು ಇನ್ನೊಂದು ದೊಡ್ಡ ಪಾಲು ಹೊರುತ್ತದೆ. ಅದನ್ನು ತಪ್ಪಿಸಿದರೆ ಮಿಕ್ಕದ್ದೆಲ್ಲ ನಾಲ್ಕು ಪುಟ್ಟ ಡಬ್ಬಿಗಳ ಪಾಲು. ಡ್ರಮ್ಮು ಕಾದರೆ ಹಿಗ್ಗಿ ಲೈನಿಂಗಿನಿಂದ ದೂರ ಸರಿಯುತ್ತದೆ. ಲೈನಿಂಗು ಕಾದರೆ ಹಿಡಿತ ಬಿಡುತ್ತದೆ. ಬ್ರೇಕಿನ ಎಣ್ಣೆ ಕುದಿದರೆ ಕಾಲಿಗೆ ಏನೂ ಸಿಗುವುದಿಲ್ಲ. ಡಿಸ್ಕಿನ ಹಿರಿಮೆ ಇಲ್ಲಿದೆ. ಅದು ಗಾಳಿಗೆ ತೆರೆದಿರುತ್ತದೆ, ಬೇಗ ಆರುತ್ತದೆ. ಕಾದಾಗ ಹಿಗ್ಗಿದರೂ ಒತ್ತುಗಟ್ಟೆಯಿಂದ ದೂರ ಹೋಗುವುದಿಲ್ಲ. ಊರಿಗೆ ಬಂದ ಮೇಲೆ ಡ್ರಮ್ಮು ಬಿಚ್ಚಿಸಿದಾಗ ಕರಕಾಗಿದ್ದ ಲೈನಿಂಗಿನ ಒಂದು ತುಂಡನ್ನು ತಂದೆಯವರು ತಮ್ಮ ಔಷಧದ ಬೀರುವಿನಲ್ಲಿಟ್ಟರು. ಅವರಿರುವವರೆಗೂ ಅದು ಅಲ್ಲೇ ಇತ್ತು.

ಹೀಗಿರುವಾಗ ಅಣ್ಣನ ಮಗನ ಮಾತನ್ನು ನಾನು ತಳ್ಳಿಹಾಕುವುದು ಹೇಗೆ? ರಸ್ತೆಯೂ ಬದಲಾಗಿದೆ. ಮುಂದಿನ ಗಾಡಿಯವನು ಬ್ರೇಕು ಒತ್ತಿದರೆ ಥಟ್ಟನೆ ನಿಲ್ಲುತ್ತಾನೆ. ನಾವು ಅವನ ಬೆನ್ನಿಗೆ ಹೋಗಿ ನಿಲ್ಲಬೇಕಾಗುತ್ತದೆ. ಹೊಗೆಸೊಪ್ಪಿನ ಕಾಲದಲ್ಲಿ ಪಿರಿಯಾಪಟ್ಟಣದ ಕಡೆ, ಕಬ್ಬಿನ ಕಾಲದಲ್ಲಿ ಕೃಷ್ಣರಾಜನಗರದ ಕಡೆ, ಹಿಂದೆ ದೀಪವಿಲ್ಲದ ಟ್ರೇಲರುಗಳು ಸಂಜೆಗತ್ತಲಲ್ಲಿ ಎದುರಾಗುತ್ತವೆ. ಹೆಗ್ಗಡದೇವನಕೋಟೆಯ ಕಾಡಿನ ರಸ್ತೆಯಲ್ಲಿ ಆನೆಯೇ ಅಡ್ಡ ಬರಬಹುದು. ಬ್ರೇಕು ಒಳ್ಳೆಯದಿರಬೇಕು ಎಂಬುದರಲ್ಲಿ ನಮಗೆ ಭಿನ್ನಾಭಿಪ್ರಾಯವಿರಲಿಲ್ಲ.

ಆದರೆ ಹುಡುಗನ ಮನಸ್ಸಿನಲ್ಲಿದ್ದುದು ಬೇರೆ ಚಿತ್ರ: ಯಾವುದೋ ಹೊಸ ಗಾಡಿಯ ದೊಡ್ಡ ಡಿಸ್ಕು, ಕೆಂಪು ಬಣ್ಣದ ಕ್ಯಾಲಿಪರು, ಅದನ್ನು ಮುಚ್ಚಲು ೧೫ ಅಂಗುಲದ ಗಾಲಿ. ಮೇಸ್ತ್ರಿಯವರು ರಟ್ಟು ಕತ್ತರಿಸಿ ಅಚ್ಚು ಮಾಡಿ ಹಳೆಯ ಗಾಲಿಯೊಳಗೆ ಹಿಡಿದು ತೋರಿಸಿದರು. ರಟ್ಟು ಎರಡು ಕಡೆ ಮಡಿಚಿಕೊಂಡಿತು. ಗಾಲಿ ದೊಡ್ಡದು ಮಾಡಿದರೆ ಕೂರುತ್ತದೆ, ನಿಜ. ಆದರೆ ಸ್ಟಿಯರಿಂಗ್ ತಿರುಗಿಸಿದಾಗ ಟೈರು ಮಡ್‌ಗಾರ್ಡಿಗೆ ತಾಗೀತು. ಬಹಳ ಕಡಿಮೆ ಜಾಗದಲ್ಲಿ ತಿರುಗುವುದೇ ಹೆರಾಲ್ಡಿನ ಹೆಗ್ಗಳಿಕೆ, ಅದನ್ನೇ ಕಳೆದುಕೊಂಡಂತಾಗುತ್ತದೆ.

ಇನ್ನೂ ಗಹನವಾದ ಮಾತುಗಳಿವೆ. ಬ್ರೇಕು ನಿಲ್ಲಿಸುವುದು ಗಾಲಿಯನ್ನು. ಗಾಡಿಯನ್ನು ನಿಲ್ಲಿಸುವುದು ನೆಲದ ಮೇಲೆ ಟೈರಿಗಿರುವ ಹಿಡಿತ. ಹಿಡಿತ ಮೀರಿ ಬ್ರೇಕು ಬಲವಾದರೆ ಗಾಲಿ ನಿಂತು ಗಾಡಿ ಜಾರುತ್ತದೆ. ಮುಂದಿನ ಬ್ರೇಕು, ಹಿಂದಿನ ಬ್ರೇಕು ಒಂದಕ್ಕೊಂದು ತೂಗಬೇಕು. ಒಂದನ್ನೇ ಬೆಳೆಸಿದರೆ ತೂಕ ತಪ್ಪುತ್ತದೆ. ಮಿನಿಯನ್ನು ಕಟ್ಟಿದವರು ಹಿಂದಿನ ಗಾಲಿಗೆ ಹೋಗುವ ಒತ್ತಡವನ್ನು ಮಿತಿಯಲ್ಲಿಡಲು ಮೊದಲಿನಿಂದಲೇ ಒಂದು ಕವಾಟ ಇಟ್ಟಿದ್ದು ಇದೇ ಕಾರಣಕ್ಕೆ. ಹೆರಾಲ್ಡಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅದರ ಹಿಂದಿನ ಗಾಲಿಗಳು ಬಾಗಿಲಿನ ಹಾಗೆ ಒಂದೊಂದು ಕೀಲಿನಲ್ಲಿ ಮೇಲೆ ಕೆಳಗೆ ಆಡುತ್ತವೆ. ತಿರುವಿನ ನಡುವೆ ಜೋರಾಗಿ ಬ್ರೇಕು ಒತ್ತಿದರೆ ಹಿಂಭಾಗ ಮೇಲೆದ್ದು, ಗಾಲಿ ಒಳಕ್ಕೆ ಮಡಿಚಿಕೊಂಡು ಗಾಡಿ ತಿರುಗಿಬಿಡಬಹುದು. ಅಂಥ ಗಾಡಿಗೆ ಮಿತಿಮೀರಿದ ಬ್ರೇಕು ಉಪಕಾರವಲ್ಲ.

ಡಿಸ್ಕು ಹಾಕಿದ ಮಾತ್ರಕ್ಕೆ ಬಲ ಹೆಚ್ಚುವುದೂ ಇಲ್ಲ. ಡ್ರಮ್ಮಿನಲ್ಲಿ ಗಾಲಿಯ ಸುತ್ತೇ ಲೈನಿಂಗನ್ನು ಒಳಕ್ಕೆಳೆದು 'ಸೇರಿಸು' ಎನ್ನುವ ಗುಣವಿದೆ. ಡಿಸ್ಕಿಗೆ ಆ ಗುಣವಿಲ್ಲ, ಕಾಲೇ ಹೆಚ್ಚು ಒತ್ತಬೇಕು. ಕ್ಯಾಲಿಪರಿಗೆ ಬೇಕಾಗುವ ಎಣ್ಣೆಯ ಅಳತೆ ಬೇರೆ. ಆದ್ದರಿಂದ ಎಣ್ಣೆ ನೂಕುವ ಮಾಸ್ಟರ್ ಸಿಲಿಂಡರೂ ಅದಕ್ಕೆ ತಕ್ಕದ್ದಿರಬೇಕು. ಡಿಸ್ಕಿನಿಂದ ದೊರೆಯುವ ದೊಡ್ಡ ಲಾಭವೆಂದರೆ ಹತ್ತನೆಯ ಸಲ ಒತ್ತಿದಾಗಲೂ ಅದು ಮೊದಲನೆಯ ಸಲದಂತೆಯೇ ಹಿಡಿಯುತ್ತದೆ ಎಂಬುದು. ಸಂಪಾಜೆಯ ತಿರುವಿನಲ್ಲಿ ನಮಗೆ ಬೇಕಾಗಿದ್ದುದು ಅದೇ.

ಕಾನೂನಿನ ಮಾತೂ ಇದೆ. ೧೯೮೮ರ ಮೋಟಾರು ವಾಹನಗಳ ಕಾಯ್ದೆಯ ೫೨ನೆಯ ಪ್ರಕರಣದಂತೆ, ತಯಾರಕರು ಮೊದಲು ಕೊಟ್ಟ ವಿವರಕ್ಕೆ ಭಿನ್ನವಾಗುವಂತೆ ವಾಹನವನ್ನು ಬದಲಾಯಿಸುವಂತಿಲ್ಲ. ೨೦೧೯ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. ೨೦೨೧ರ ಜುಲೈಯಲ್ಲಿ ಕೇಂದ್ರ ಸರ್ಕಾರ ಹಳೆಯ ವಾಹನಗಳಿಗೆಂದೇ ನಿಯಮ ತಂದಿತು. ಮೊದಲ ನೋಂದಣಿಯಾಗಿ ೫೦ ವರ್ಷ ಮೀರಿ, ಮೂಲ ರೂಪದಲ್ಲೇ ಉಳಿದಿರುವ ಗಾಡಿ 'ವಿಂಟೇಜ್' ಎನಿಸಿಕೊಂಡು, 'ವಿಎ' ಅಕ್ಷರಗಳಿರುವ ನಂಬರು ಪಡೆಯಬಹುದು. ಛಾಸಿ, ಮೈಕಟ್ಟು, ಎಂಜಿನ್ನುಗಳನ್ನು ಮಾರ್ಪಡಿಸಿರಬಾರದೆಂದು ಅದರಲ್ಲಿದೆ. ಅಂಥ ಗಾಡಿಯನ್ನು ಪ್ರದರ್ಶನಕ್ಕೋ ರ‍್ಯಾಲಿಗೋ ಒಯ್ಯಬಹುದು, ದಿನನಿತ್ಯ ಓಡಿಸುವಂತಿಲ್ಲ. ಹಳೆಯದನ್ನು ಹಳೆಯದಾಗಿಯೇ ಉಳಿಸಿ ಎನ್ನುತ್ತದೆ ನಿಯಮ. ಮಕ್ಕಳನ್ನು ಜೋಪಾನ ಮಾಡಿ ಎನ್ನುತ್ತದೆ ಮನಸ್ಸು.

ಮೂರು ಸಂಜೆ ಮಾತಾಡಿ ನಾವು ಒಂದು ತೀರ್ಮಾನಕ್ಕೆ ಬಂದೆವು. ಕೆಂಪು ಕ್ಯಾಲಿಪರು ಬೇಡ, ದೊಡ್ಡ ಗಾಲಿಯೂ ಬೇಡ. ೧೯೬೧ರಲ್ಲೇ ಹೆರಾಲ್ಡನ್ನು ಕಟ್ಟಿದವರು ೧೩ ಅಂಗುಲದ ಅದೇ ಗಾಲಿಗೆಂದು ಅಳೆದು ಕೊಟ್ಟ ಒಂಬತ್ತು ಅಂಗುಲದ ಡಿಸ್ಕು ಸಾಕು. ಅಲ್ಲಿ ಗಾಲಿಗೂ ಡಿಸ್ಕಿಗೂ ನಡುವೆ ಒಂದೊಂದು ಕಡೆ ೫೦ ಮಿಲಿಮೀಟರಿದೆ. ಜಾಗದ ಪ್ರಶ್ನೆಗೆ ಆಗಲೇ ಉತ್ತರ ಸಿಕ್ಕಿತ್ತು. ಸಾರಿಗೆ ಕಛೇರಿಗೆ ವಿವರ ಬರೆದು ಕೇಳಿಕೊಂಡೇ ಮುಂದುವರಿದೆವು. ಡಿಸ್ಕು, ಕ್ಯಾಲಿಪರು, ಅದಕ್ಕೆ ತಕ್ಕ ಮಾಸ್ಟರ್ ಸಿಲಿಂಡರು ಮೂರನ್ನೂ ಒಂದೇ ಕೂಟವಾಗಿ ತರಿಸಿದ್ದಾಯಿತು. ಹಿಂದಿನ ಡ್ರಮ್ಮಿಗೆ ಹೊಸ ಲೈನಿಂಗು, ಎಲ್ಲಕ್ಕೂ ಹೊಸ ರಬ್ಬರ್ ಹೋಸು, ಹೊಸ ಎಣ್ಣೆ, ನಾಲ್ಕು ಹೊಸ ಟೈರು. ಹಳೆಯ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು; ಅದರ ಧೂಳು ಎದೆಗೆ ಕೇಡು. ಅದನ್ನು ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಎಂದು ಮೇಸ್ತ್ರಿಯವರಿಗೆ ಹೇಳಿದೆ. ಬಿಚ್ಚಿದ ಮುಂದಿನ ಡ್ರಮ್ಮುಗಳಿಗೆ ಗ್ರೀಸು ಬಳಿದು, ಗೋಣಿಚೀಲದಲ್ಲಿ ಕಟ್ಟಿ ಅಟ್ಟದ ಮೇಲಿಟ್ಟಿದ್ದೇವೆ. ಗಾಡಿಯಲ್ಲಿ ಎಲ್ಲಿಯೂ ಕೊರೆದಿಲ್ಲ, ಕತ್ತರಿಸಿಲ್ಲ. ಮುಂದಿನವರಿಗೆ ಬೇಕಾದರೆ ಒಂದು ದಿನದಲ್ಲಿ ಮೊದಲಿನಂತೆ ಮಾಡಬಹುದು.

ಮೊದಲ ಸವಾರಿ ಕೃಷ್ಣರಾಜನಗರದ ರಸ್ತೆಯಲ್ಲಿ. ಬಯಲು, ನಾಲೆ, ಬತ್ತದ ಗದ್ದೆ. ಹೊಸ ಬ್ರೇಕಿಗೆ ಅದು ಒಳ್ಳೆಯ ಪಾಠಶಾಲೆ. ಹಿಂದೆ ಯಾರೂ ಇಲ್ಲದ ಕಡೆ ನೋಡಿ ಅಣ್ಣನ ಮಗ ಎಂಟು ಹತ್ತು ಸಲ ನಿಲ್ಲಿಸಿ ನೋಡಿದ. ಹೆರಾಲ್ಡ್ ನೇರವಾಗಿ ನಿಂತಿತು. ಹತ್ತನೆಯ ಸಲವೂ ಹಾಗೆಯೇ ನಿಂತಿತು. "ಹೆಂಗಿದೆ ಚಿಕ್ಕಪ್ಪ?" ಎಂದು ಕೇಳಿದ. ಚೆನ್ನಾಗಿದೆ ಎಂದೆ. ಮನೆಗೆ ಬಂದ ಮೇಲೆ ಔಷಧದ ಬೀರುವಿನಿಂದ ಆ ಕರಕಾದ ತುಂಡನ್ನು ಹಾಗೆಯೇ ಅದರ ಗಾಜಿನ ಸೀಸೆಯೊಡನೆ ತೆಗೆದು ಅವನ ಕೈಗೆ ಕೊಟ್ಟು, ಸಂಪಾಜೆಯ ಕಥೆ ಹೇಳಿದೆ. ಅವನು ಬಹಳ ಹೊತ್ತು ಅದನ್ನು ನೋಡಿದ. ಆಮೇಲೆ ಗಾಡಿಯ ಡ್ಯಾಷ್‌ಬೋರ್ಡಿನ ಗೂಡಿನಲ್ಲಿಟ್ಟುಕೊಂಡ.

ಬೇಸಿಗೆಯಲ್ಲಿ ಮಕ್ಕಳನ್ನು ಕರೆದುಕೊಂಡು ಮಡಿಕೇರಿಗೆ, ಅಲ್ಲಿಂದ ಧರ್ಮಸ್ಥಳಕ್ಕೆ ಹೋಗಬೇಕೆಂದು ಅವನ ಆಸೆ. ಹೋಗಲಿ. ಬ್ರೇಕು ಹೊಸದು, ಆದರೂ ಆ ಲಾರಿಯವನ ಮಾತನ್ನು ಅವನಿಗೆ ಇನ್ನೊಮ್ಮೆ ಹೇಳಿ ಕಳಿಸುತ್ತೇನೆ. ಹತ್ತುವ ಗೇರಿನಲ್ಲೇ ಇಳಿಯಬೇಕು.